ಹಲವು ಪ್ರೊಸೆಸರುಗಳ ದುಡಿಮೆ ಮತ್ತು ಕೆಲಸದ ಗಾತ್ರ

ಗಣಕಯಂತ್ರದಲ್ಲಿ ಲೆಕ್ಕ ಮಾಡುವ ಅಂಗಕ್ಕೆ ಪ್ರೊಸೆಸರ್ ಎಂದು ಹೆಸರು. ಒಂದು ಪ್ರೊಸೆಸರು ೧೦೦ ನಿಮಿಷಗಳಲ್ಲಿ ಮುಗಿಸುವ ಕೆಲಸವನ್ನು ೯೫ ಪ್ರೊಸೆಸರುಗಳಿಗೆ ಹಂಚಿದರೆ ಅದು ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿಯಬೇಕೆಂದು ನಮಗೆ ತೋರುವುದು ಸಹಜ. ಆದರೆ ಹಾಗಾಗುವುದಿಲ್ಲ. ಮೊದಲಿಗೆ ಅಂಕಿ ಅಂಶಗಳನ್ನು ಓದಿಕೊಳ್ಳುವುದು, ಕಡೆಗೆ ಫಲಿತಾಂಶಗಳನ್ನು ಒಟ್ಟುಗೂಡಿಸುವುದು ಮುಂತಾದ ಕೆಲವು ಕಾರ್ಯಗಳು ಹಂಚಲು ಬಾರದೆ ಒಂದರ ಹಿಂದೊಂದಾಗಿಯೇ ನಡೆಯಬೇಕಾಗುತ್ತದೆ.

ಇಂಥ ಭಾಗಕ್ಕೆ ೫ ನಿಮಿಷ, ಹಂಚಬಹುದಾದ ಭಾಗಕ್ಕೆ ೯೫ ನಿಮಿಷ ಹಿಡಿಯುವುದೆಂದು ಇಟ್ಟುಕೊಳ್ಳೋಣ. ೯೫ ಪ್ರೊಸೆಸರುಗಳು ದುಡಿದಾಗ ಎರಡನೆಯದು ೧ ನಿಮಿಷಕ್ಕೆ ಇಳಿಯುತ್ತದೆ. ಮೊದಲಿನದು ಹಾಗೆಯೇ ಉಳಿಯುತ್ತದೆ. ಒಟ್ಟು ೬ ನಿಮಿಷ. ಅಂದರೆ ವೇಗ ಹೆಚ್ಚಿದುದು ಸುಮಾರು ೧೭ ಪಟ್ಟು ಮಾತ್ರ. ಪ್ರೊಸೆಸರುಗಳು ಎಷ್ಟೇ ಇದ್ದರೂ ೨೦ ಪಟ್ಟನ್ನು ಮೀರಲಾಗದು. ಅಮೆರಿಕದ ಜೀನ್ ಆಮ್ಡಾಲ್ ೧೯೬೭ರಲ್ಲಿ ಮಂಡಿಸಿದ ವಾದದ ತಿರುಳು ಇದೇ. ಸಾವಿರಾರು ಪ್ರೊಸೆಸರುಗಳ ಯಂತ್ರವನ್ನು ಕಟ್ಟುವುದು ವ್ಯರ್ಥವೆಂಬ ಶಂಕೆಗೆ ಇದರಿಂದ ಬಲ ಬಂದಿತು.

ಆದರೆ ಕೆಲಸದ ಗಾತ್ರ ಬದಲಾಗದೆಂಬ ಊಹೆ ಈ ಲೆಕ್ಕದಲ್ಲಿ ಅಡಗಿದೆ. ದೊಡ್ಡ ಯಂತ್ರ ದೊರೆತವರು ಸಾಮಾನ್ಯವಾಗಿ ಅಷ್ಟೇ ಹೊತ್ತಿನಲ್ಲಿ ಇನ್ನೂ ದೊಡ್ಡ ಲೆಕ್ಕಕ್ಕೆ ಕೈಹಾಕುತ್ತಾರೆ. ಹವಾಮಾನದ ಲೆಕ್ಕಕ್ಕಾಗಿ ವಾಯುಮಂಡಲವನ್ನು ಬಿಂದುಗಳ ಬಲೆಯಾಗಿ ಭಾವಿಸುವುದುಂಟು. ಬಿಂದುಗಳ ನಡುವಣ ಅಂತರವನ್ನು ಮೂರು ದಿಕ್ಕುಗಳಲ್ಲಿಯೂ ಅರ್ಧಕ್ಕಿಳಿಸಿದರೆ ಅವುಗಳ ಸಂಖ್ಯೆ ೮ ಪಟ್ಟಾಗುತ್ತದೆ. ಹೀಗೆ ಬೆಳೆಯುವುದು ಮುಖ್ಯವಾಗಿ ಹಂಚಬಹುದಾದ ಕೆಲಸವೇ.

ನಮ್ಮ ಉದಾಹರಣೆಯಲ್ಲಿ ಈ ಭಾಗ ೯೫ ಪಟ್ಟು ಬೆಳೆದು, ಹಂಚಲಾಗದ ಭಾಗ ೫ ನಿಮಿಷವೇ ಆಗಿ ಉಳಿಯಿತೆನ್ನೋಣ. ಒಂಟಿ ಪ್ರೊಸೆಸರಿಗೆ ಆಗ ೯,೦೩೦ ನಿಮಿಷ ಬೇಕು. ೯೫ ಪ್ರೊಸೆಸರುಗಳಿಗೆ ೧೦೦ ನಿಮಿಷ ಸಾಕು. ವೇಗ ೯೦ ಪಟ್ಟಿಗೂ ಮಿಕ್ಕಿತು! ಜಾನ್ ಗುಸ್ಟಾಫ್‌ಸನ್ ೧೯೮೮ರಲ್ಲಿ ಮುಂದಿಟ್ಟ ವಿಚಾರವಿದು. ಅವರೂ ಸಂಗಡಿಗರೂ ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದಲ್ಲಿ ೧,೦೨೪ ಪ್ರೊಸೆಸರುಗಳ ಯಂತ್ರದಲ್ಲಿ ಮೂರು ಬಗೆಯ ಲೆಕ್ಕಗಳನ್ನು ನಡೆಸಿದರು. ಯಂತ್ರದೊಡನೆ ಲೆಕ್ಕದ ಗಾತ್ರವನ್ನೂ ಬೆಳೆಸಿದಾಗ ಸಾವಿರ ಪಟ್ಟಿಗೂ ಹೆಚ್ಚಿನ ವೇಗ ದೊರೆಯಿತು.

ಹಾಗಾದರೆ ಆಮ್ಡಾಲರ ನಿಯಮ ಸುಳ್ಳೆ? ಖಂಡಿತ ಅಲ್ಲ. ಇದೇ ಕೆಲಸ ಎಷ್ಟು ಬೇಗ ಮುಗಿದೀತೆಂಬ ಪ್ರಶ್ನೆಗೆ ಅವರ ಉತ್ತರ. ಇಷ್ಟೇ ಹೊತ್ತಿನಲ್ಲಿ ಎಷ್ಟು ಕೆಲಸ ನಡೆದೀತೆಂಬ ಪ್ರಶ್ನೆಗೆ ಗುಸ್ಟಾಫ್‌ಸನ್ನರ ಉತ್ತರ. ಇವೆರಡರ ಜೊತೆಗೆ ಪ್ರೊಸೆಸರುಗಳು ಪರಸ್ಪರ ಸಂದೇಶ ಕಳುಹಿಸಲು ವ್ಯಯವಾಗುವ ಕಾಲವನ್ನೂ ಮರೆಯಲಾಗದು. ಆದುದರಿಂದ ಯಾವುದೇ ಕಾರ್ಯಕ್ರಮದ ವೇಗವನ್ನು ಮುಂಗಾಣಬಯಸುವವರು ಒಂದೇ ಗಾತ್ರದ ಪರೀಕ್ಷೆಗೆ ತೃಪ್ತರಾಗದೆ, ಹಲವು ಗಾತ್ರಗಳಲ್ಲಿ ಈ ಮೂರು ಭಾಗಗಳೂ ಹೇಗೆ ಬೆಳೆಯುತ್ತವೆಂಬುದನ್ನು ಬೇರೆಬೇರೆಯಾಗಿ ಅಳೆಯಬೇಕು.