ಮೋಟಾರು ಸೈಕಲ್ಲಿಗೆ ಲಿಥಿಯಂ ಸ್ಟಾರ್ಟರ್ ಬ್ಯಾಟರಿ: ಖರೀದಿಗೆ ಮುನ್ನ ಗ್ರಾಹಕರು ತಿಳಿದಿರಬೇಕಾದ ಅಂಶಗಳು

ಮೋಟಾರು ಸೈಕಲ್ಲುಗಳ ಸೀಸ-ಆಮ್ಲ ಬ್ಯಾಟರಿಗೆ ಬದಲಾಗಿ ಚಿಕ್ಕ ಗಾತ್ರದ ಲಿಥಿಯಂ ಬ್ಯಾಟರಿಗಳು ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಇವುಗಳ ತೂಕ ಸೀಸದ ಬ್ಯಾಟರಿಯ ಅರ್ಧಕ್ಕಿಂತಲೂ ಕಡಿಮೆ. ಬೆಲೆ ಮಾತ್ರ ಹಲವು ಪಟ್ಟು ಹೆಚ್ಚು. ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಯೊಂದನ್ನೇ ನಂಬಿ ಖರೀದಿಸಿದಲ್ಲಿ ಹಣ ವ್ಯರ್ಥವಾಗುವುದಲ್ಲದೆ, ವಾಹನವು ಮಾರ್ಗಮಧ್ಯದಲ್ಲಿ ನಿಲ್ಲುವ ಸಂಭವವಿರುತ್ತದೆ. ಆದುದರಿಂದ ಗ್ರಾಹಕರು ಈ ಕೆಳಕಂಡ ಅಂಶಗಳನ್ನು ಪರಿಶೀಲಿಸುವುದು ಸೂಕ್ತ.

1. ಬ್ಯಾಟರಿಯ ರಚನೆ

12 ವೋಲ್ಟ್ ಸೀಸದ ಬ್ಯಾಟರಿಯಲ್ಲಿ ತಲಾ 2 ವೋಲ್ಟ್‌ನ 6 ಕೋಶಗಳಿರುತ್ತವೆ. ಸ್ಟಾರ್ಟರ್ ಬಳಕೆಯ ಲಿಥಿಯಂ ಬ್ಯಾಟರಿಗಳು ಸಾಮಾನ್ಯವಾಗಿ ಲಿಥಿಯಂ ಕಬ್ಬಿಣ ಫಾಸ್ಫೇಟ್ ಮಾದರಿಯವು. ಇವುಗಳಲ್ಲಿ ತಲಾ 3.2 ವೋಲ್ಟ್‌ನ 4 ಕೋಶಗಳಿದ್ದು, ಒಟ್ಟು 12.8 ವೋಲ್ಟ್ ಆಗುತ್ತದೆ. ಲಿಥಿಯಂ ಮಾದರಿಗಳ ಪೈಕಿ ಇದು ಶಾಖವನ್ನು ಹೆಚ್ಚು ತಾಳಿಕೊಳ್ಳುವಂಥದು. ಯಾವ ಮಾದರಿ ಎಂಬುದನ್ನು ನಮೂದಿಸದ ಬ್ಯಾಟರಿಯನ್ನು ಖರೀದಿಸಬಾರದು.

2. ಸಾಮರ್ಥ್ಯದ ಅಂಕಿಯನ್ನು ಓದುವ ಕ್ರಮ

ಹಲವು ಬ್ಯಾಟರಿಗಳ ಮೇಲೆ ಮುದ್ರಿತವಾಗಿರುವ ಆಂಪಿಯರ್-ಗಂಟೆಯು ನಿಜವಾದ ಸಾಮರ್ಥ್ಯವಲ್ಲ. ಅದು "ಸೀಸಕ್ಕೆ ಸಮಾನ" ಎಂಬ ಹೋಲಿಕೆಯ ಅಂಕಿ. ನಿಜ ಸಾಮರ್ಥ್ಯವು ಅದರ ಸುಮಾರು ಮೂರನೆಯ ಒಂದು ಭಾಗದಷ್ಟಿರಬಹುದು. ಇದನ್ನು ತಿಳಿಯಲು ವಾಟ್-ಗಂಟೆಯ ಅಂಕಿಯನ್ನು 12.8ರಿಂದ ಭಾಗಿಸತಕ್ಕದ್ದು. ಉದಾಹರಣೆಗೆ, "12 ಆಂಪಿಯರ್-ಗಂಟೆ ಸಮಾನ" ಎಂದಿದ್ದು 48 ವಾಟ್-ಗಂಟೆ ಎಂದು ನಮೂದಿಸಿದ್ದರೆ, ನಿಜ ಸಾಮರ್ಥ್ಯ 3.75 ಆಂಪಿಯರ್-ಗಂಟೆ ಮಾತ್ರ.

ಎಂಜಿನ್ ಚಾಲನೆಗೆ ಇಷ್ಟು ಸಾಕಾಗುತ್ತದೆ. ಸ್ಟಾರ್ಟರ್ ಮೋಟಾರು 2 ಸೆಕೆಂಡುಗಳ ಕಾಲ 100 ಆಂಪಿಯರ್ ಎಳೆದರೂ ವ್ಯಯವಾಗುವುದು 0.06 ಆಂಪಿಯರ್-ಗಂಟೆಗಿಂತ ಕಡಿಮೆ. ಲಿಥಿಯಂ ಕೋಶಗಳು ಇಂತಹ ಹೆಚ್ಚಿನ ವಿದ್ಯುತ್ತನ್ನು ಸುಲಭವಾಗಿ ನೀಡಬಲ್ಲವು. ತೊಂದರೆ ಉಂಟಾಗುವುದು ವಾಹನವನ್ನು ನಿಲ್ಲಿಸಿಟ್ಟಾಗ. ಕಳ್ಳತನ ಎಚ್ಚರಿಕೆ ಸಾಧನ ಅಥವಾ ಸ್ಥಳ ಸೂಚಕವು 20 ಮಿಲಿ ಆಂಪಿಯರ್ ಬಳಸುತ್ತಿದ್ದರೆ ದಿನಕ್ಕೆ 0.48 ಆಂಪಿಯರ್-ಗಂಟೆ ಖರ್ಚಾಗುತ್ತದೆ. ಆಗ 9 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿ ಬರಿದಾಗಲು ಸುಮಾರು 18 ದಿನ ಬೇಕು. ಮೇಲ್ಕಂಡ ಲಿಥಿಯಂ ಬ್ಯಾಟರಿ 8 ದಿನಗಳೊಳಗೆ ಬರಿದಾಗುತ್ತದೆ. ಇಂತಹ ಸಾಧನಗಳುಳ್ಳವರು ಹೆಚ್ಚಿನ ವಾಟ್-ಗಂಟೆಯ ಬ್ಯಾಟರಿಯನ್ನು ಆರಿಸಿಕೊಳ್ಳುವುದು ಲೇಸು.

3. ವಾಹನದ ಚಾರ್ಜಿಂಗ್ ವೋಲ್ಟೇಜ್

ಖರೀದಿಗೆ ಮುನ್ನ ಎಂಜಿನ್ ಚಾಲನೆಯಲ್ಲಿರುವಾಗ, ನಿಧಾನ ಮತ್ತು ಹೆಚ್ಚಿನ ವೇಗಗಳೆರಡರಲ್ಲಿಯೂ, ಬ್ಯಾಟರಿಯ ಧ್ರುವಗಳ ನಡುವಿನ ವೋಲ್ಟೇಜನ್ನು ಮಲ್ಟಿಮೀಟರಿನಿಂದ ಅಳೆಯಿಸತಕ್ಕದ್ದು. ವೇಗ ಹೆಚ್ಚಿಸಿದಾಗ 13.6ರಿಂದ 14.6 ವೋಲ್ಟ್ ಇದ್ದಲ್ಲಿ ಸೂಕ್ತ. 15 ವೋಲ್ಟ್ ಸಮೀಪಿಸಿದಲ್ಲಿ ಮೊದಲು ರೆಗ್ಯುಲೇಟರನ್ನು ಸರಿಪಡಿಸಿಕೊಳ್ಳಬೇಕು. ಇಲ್ಲವಾದಲ್ಲಿ ಕೋಶಗಳು ಉಬ್ಬಿ ಅಪಾಯ ಸಂಭವಿಸಬಹುದು. 6 ವೋಲ್ಟ್ ವ್ಯವಸ್ಥೆಯ ಹಳೆಯ ವಾಹನಗಳಿಗೆ ಈ ಬ್ಯಾಟರಿಗಳು ಹೊಂದುವುದಿಲ್ಲ.

4. ರಕ್ಷಣಾ ವ್ಯವಸ್ಥೆ ಮತ್ತು ಚಾರ್ಜರ್

ಕೋಶಗಳ ವೋಲ್ಟೇಜನ್ನು ಸಮಗೊಳಿಸುವ ಮತ್ತು ಅತಿಯಾಗಿ ಬರಿದಾಗುವುದನ್ನು ತಡೆಯುವ ವ್ಯವಸ್ಥೆ ಬ್ಯಾಟರಿಯೊಳಗೆ ಇದೆಯೇ ಎಂದು ಕೇಳಿ ತಿಳಿಯಬೇಕು. ಸೀಸದ ಬ್ಯಾಟರಿಯ ಸಲ್ಫೇಟ್ ನಿವಾರಣಾ ಕ್ರಮವುಳ್ಳ ಚಾರ್ಜರನ್ನು ಬಳಸಲೇಬಾರದು. ಉಬ್ಬಿದ ಬ್ಯಾಟರಿಯನ್ನು ಪುನಃ ಚಾರ್ಜ್ ಮಾಡಬಾರದು.

5. ಶೀತ ಪ್ರದೇಶದ ಪ್ರಯಾಣ

0 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಚಾರ್ಜ್ ಮಾಡಿದಲ್ಲಿ ಕೋಶದೊಳಗೆ ಲಿಥಿಯಂ ಲೋಹ ಶೇಖರಗೊಂಡು ಸಾಮರ್ಥ್ಯ ಶಾಶ್ವತವಾಗಿ ಕುಂದುತ್ತದೆ. ರಾಜ್ಯದ ಹವಾಮಾನದಲ್ಲಿ ಈ ತೊಂದರೆ ಇರುವುದಿಲ್ಲ. ಆದರೆ ಲಡಾಖ್ ಮುಂತಾದೆಡೆ ತೆರಳುವವರು ರಾತ್ರಿ ಬ್ಯಾಟರಿಯನ್ನು ಬಿಚ್ಚಿ ಕೊಠಡಿಯೊಳಗೆ ಇರಿಸಿಕೊಳ್ಳುವುದು ಒಳಿತು. ಚಳಿಯಲ್ಲಿ ಸ್ಟಾರ್ಟರ್ ನಿಧಾನವಾಗಿ ತಿರುಗಿದಲ್ಲಿ, ಮುಂಭಾಗದ ದೀಪವನ್ನು ಒಂದೆರಡು ನಿಮಿಷ ಉರಿಸಿದರೆ ಬ್ಯಾಟರಿ ಒಳಗಿನಿಂದ ಬೆಚ್ಚಗಾಗುತ್ತದೆ.

6. ಯಾರಿಗೆ ಸೂಕ್ತವಲ್ಲ

ವಾಹನವನ್ನು ವಾರಗಟ್ಟಲೆ ನಿಲ್ಲಿಸುವವರಿಗೆ, ಚಾರ್ಜಿಂಗ್ ವ್ಯವಸ್ಥೆ ಸರಿಯಿಲ್ಲದ ವಾಹನಗಳಿಗೆ ಹಾಗೂ ತೂಕದ ಉಳಿತಾಯದ ಅಗತ್ಯವಿಲ್ಲದವರಿಗೆ ಸೀಸದ ಬ್ಯಾಟರಿಯೇ ಸಾಕು. ವಾಹನ ವಾರಂಟಿ ಅವಧಿಯಲ್ಲಿದ್ದಲ್ಲಿ ತಯಾರಕರ ಅಭಿಪ್ರಾಯವನ್ನು ಲಿಖಿತವಾಗಿ ಪಡೆಯುವುದು ಸೂಕ್ತ.

7. ರಸೀದಿ, ದೂರು ಮತ್ತು ವಿಲೇವಾರಿ

ರಸೀದಿಯಲ್ಲಿ ಮಾದರಿ, ಕ್ರಮಸಂಖ್ಯೆ, ವಾಟ್-ಗಂಟೆ ಹಾಗೂ ವಾರಂಟಿ ಅವಧಿಯನ್ನು ನಮೂದಿಸಿಕೊಳ್ಳತಕ್ಕದ್ದು. ನಮೂದಿಸಿದ ಸಾಮರ್ಥ್ಯ ಇಲ್ಲದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಮೇರೆಗೆ, ದೂರಿಗೆ ಕಾರಣ ಉದ್ಭವಿಸಿದ 2 ವರ್ಷಗಳೊಳಗಾಗಿ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು. ಆನ್‌ಲೈನ್ ಮೂಲಕ ಪರಸ್ಥಳದಿಂದ ಖರೀದಿಸಿದವರಿಗೂ ಇದು ಅನ್ವಯಿಸುತ್ತದೆ. 5 ಲಕ್ಷ ರೂಪಾಯಿಗಳವರೆಗಿನ ಖರೀದಿಯ ದೂರಿಗೆ ಶುಲ್ಕವಿರುವುದಿಲ್ಲ.

ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರ ಪ್ರಕಾರ ಹಳೆಯ ಬ್ಯಾಟರಿಯನ್ನು ಮನೆಯ ಕಸದೊಂದಿಗೆ ಬೆರೆಸದೆ ಪ್ರತ್ಯೇಕವಾಗಿರಿಸಿ, ಸಂಗ್ರಹಣೆ ಅಥವಾ ಮರುಬಳಕೆ ಘಟಕಕ್ಕೆ ಒಪ್ಪಿಸುವುದು ಬಳಕೆದಾರರ ಕರ್ತವ್ಯವಾಗಿರುತ್ತದೆ. ಒಪ್ಪಿಸುವ ಮುನ್ನ ಧ್ರುವಗಳಿಗೆ ಅಂಟುಪಟ್ಟಿ ಸುತ್ತಲು ಕೋರಲಾಗಿದೆ.