ಇಷ್ಟೇ ಇಷ್ಟು ರಕ್ತ, ಎಂಥಾ ಕಾವಲು!

ಒಂದು ಕಿಲೋ ತೂಗುವ ಹಸುಗೂಸು. ಅದರ ಮೈಯಲ್ಲಿ ರಕ್ತ ಎಷ್ಟಿರಬಹುದು? ಊಹಿಸಿ! ಅರ್ಧ ಲೀಟರ್? ಅಲ್ಲ. ಕಾಲು ಲೀಟರ್? ಅದೂ ಅಲ್ಲ. ಬರೀ 80ರಿಂದ 90 ಮಿಲಿಲೀಟರ್! ಮಹಾರಾಷ್ಟ್ರದ ನಮ್ಮ ನಿಲಂಗಾ ಬಸ್ ಸ್ಟ್ಯಾಂಡಿನ ಚಹಾದ ಪುಟ್ಟ ಗ್ಲಾಸು ತುಂಬಿದರೆ ಮುಗಿಯಿತು.

ಆ ಗ್ಲಾಸಿನಷ್ಟು ರಕ್ತದಲ್ಲಿ ಎಂಥಾ ಕಾವಲಿದೆ, ಕೇಳಿ!

ರಕ್ತಕ್ಕೆ ಸೋಂಕು ತಗಲಿ ಕೂಸಿಗೆ ನಂಜೇರಿದ್ದು ಹೊರಗೆ ಸುಲಭವಾಗಿ ತಿಳಿಯುವುದಿಲ್ಲ. ಎಷ್ಟೋ ಸಲ ಜ್ವರವೇ ಬರುವುದಿಲ್ಲ. ಮೈ ತಣ್ಣಗಾಗುತ್ತದೆ! ರಕ್ತದ ರೋಗಾಣು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಒಂದೆರಡು ದಿನ ಬೇಕು. ನಂಜು ಅಲ್ಲೀತನಕ ಕಾಯುತ್ತದೆಯೇ?

ಇಲ್ಲ. ಕೂಸಿನ ದೇಹವೂ ಕಾಯುವುದಿಲ್ಲ!

ನಂಜಿನ ಗುರುತು ಹೇಳುವ ಪ್ರೊಟೀನುಗಳು ರಕ್ತದಲ್ಲಿ ಏರತೊಡಗುತ್ತವೆ. ಒಂದೆರಡು ಗಂಟೆಯಲ್ಲೇ ಇಂಟರ್‌ಲ್ಯೂಕಿನ್-6 ಏರುತ್ತದೆ. 2ರಿಂದ 4 ಗಂಟೆಗೆ ಪ್ರೊಕ್ಯಾಲ್ಸಿಟೋನಿನ್. ಹತ್ತು ಹನ್ನೆರಡು ಗಂಟೆಗೆ ಸಿ-ರಿಯಾಕ್ಟಿವ್ ಪ್ರೊಟೀನ್, ಅಂದರೆ ಸಿ.ಆರ್.ಪಿ. ಒಂದರ ಬೆನ್ನಿಗೆ ಇನ್ನೊಂದು!

ಈ ಸಿ.ಆರ್.ಪಿ. ಯಾರದು? ತಾಯಿಯದೇ? ಅಲ್ಲ! ತಾಯಿಯದು ಮಾಸು ದಾಟಿ ಬರುವುದು ಇಲ್ಲವೆನ್ನುವಷ್ಟು ಕಡಿಮೆ. ನಿನ್ನೆ ಹುಟ್ಟಿದ ಕೂಸಿನ ಸ್ವಂತ ಯಕೃತ್ತು ತಯಾರಿಸಿದ್ದು!

ಇನ್ನೊಂದು ಸೋಜಿಗ. ಏನೂ ಆಗದ ಕೂಸಿನಲ್ಲೂ ಮೊದಲ ದಿನ ಪ್ರೊಕ್ಯಾಲ್ಸಿಟೋನಿನ್ ತಾನಾಗಿ ಏರುತ್ತದೆ, ಎರಡು ಮೂರು ದಿನಕ್ಕೆ ಇಳಿಯುತ್ತದೆ! ಅದಕ್ಕೇ ವೈದ್ಯರು ಇಲ್ಲಿ ವಯಸ್ಸನ್ನು ಗಂಟೆಗಳಲ್ಲಿ ಎಣಿಸುತ್ತಾರೆ. ಒಂದೇ ಗುರುತನ್ನು ನಂಬುವುದೂ ಇಲ್ಲ. ಬಿಳಿ ರಕ್ತಕಣ ಎಷ್ಟಿವೆ? ಅವುಗಳಲ್ಲಿ ಇನ್ನೂ ಬಲಿಯದವು ಎಷ್ಟು? ಎಲ್ಲವನ್ನೂ ಕೂಡಿಸಿ ಓದುತ್ತಾರೆ.

ಎಲ್ಲಕ್ಕಿಂತ ದೊಡ್ಡ ಬೆರಗು ಯಾವುದು ಗೊತ್ತೇ? ಈ ರಕ್ತ 'ನಂಜಿಲ್ಲ' ಎಂದೂ ಹೇಳಬಲ್ಲದು! ಒಂದು ದಿನದ ಅಂತರದಲ್ಲಿ ಎರಡು ಸಲ ನೋಡಿದಾಗಲೂ ಸಿ.ಆರ್.ಪಿ. ಕೆಳಗೇ ಇದೆ, ಕೂಸು ಚೆನ್ನಾಗಿದೆ ಎಂದರೆ ಆ್ಯಂಟಿಬಯಾಟಿಕ್ ನಿಲ್ಲಿಸಲು ವೈದ್ಯರಿಗೆ ಧೈರ್ಯ ಬರುತ್ತದೆ. ಬೇಡದ ಸೂಜಿ ತಪ್ಪಿತು!

ಆದರೆ ಕೂಸು ಆಸ್ಪತ್ರೆ ಮುಟ್ಟಬೇಕಲ್ಲ? ಮೊದಲ ಗುರುತು ಹಿಡಿಯುವವರು ಮನೆಯವರೇ. ಇದೇ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ಹಳ್ಳಿಯ ಹೆಂಗಸರಿಗೆ ಲಕ್ಷಣ ಗುರುತಿಸುವುದನ್ನೂ ಚಿಕಿತ್ಸೆಯನ್ನೂ ಕಲಿಸಿದರು. 1999ರ ವರದಿ ನೋಡಿ: ಹಸುಗೂಸುಗಳ ಸಾವು ಇಳಿದದ್ದು ಎಷ್ಟು? ಶೇ 62!

ಆದ್ದರಿಂದ ನಿಲಂಗಾ, ಉಮರ್ಗಾ, ಉದಗೀರದ ಅವ್ವಂದಿರೇ, ಅಜ್ಜಿಯರೇ, 'ಕೂಸು ಹಾಲು ಕುಡೀವಲ್ದು' ಅನ್ನಿಸಿತೇ? ಮೈ ತಣ್ಣಗಿದೆಯೇ? ನಾಳೆ ನೋಡೋಣ ಅನ್ನಬೇಡಿ. ಈಗಲೇ ಆಸ್ಪತ್ರೆಗೆ ಹೊರಡಿ!