ವೇದಾವತಿಯ ದೋಣಿ: ನದೀಸ್ವಭಾವ ಮತ್ತು ಹರಿಗೋಲಿನ ರಚನೆ

ಸ್ವಂತ ದೋಣಿಯೊಂದನ್ನು ಇಟ್ಟುಕೊಂಡು ತಿಂಗಳುಗಟ್ಟಲೆ ಒಳನಾಡಿನ ನದಿಗಳ ಮೇಲೆ ಸಂಚರಿಸುತ್ತ, ಸಂಜೆಯಾದೊಡನೆ ಯಾವುದಾದರೊಂದು ದೋಣಿದಾಣದಲ್ಲಿ ತಂಗುವ ಜೀವನಕ್ರಮವು ಯೂರೋಪ್ ಅಮೆರಿಕಗಳಲ್ಲಿ ವಿರಳವೇನೂ ಅಲ್ಲ. ಚಳ್ಳಕೆರೆ ಮತ್ತು ಮೊಳಕಾಲ್ಮುರು ಕಡೆಯ ವಿದ್ಯಾರ್ಥಿಗಳಿಗೆ ಈ ವಿಷಯವನ್ನು ಹೇಳಹೊರಟರೆ, ನಮ್ಮಲ್ಲಿಯೂ ವೇದಾವತಿ ಇದೆ, ಚಿನ್ನಹಗರಿ ಇದೆ, ದೋಣಿ ಏಕಿಲ್ಲ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ನೀರಿಲ್ಲವೆಂದು ಉತ್ತರ ಕೊಟ್ಟರೆ ಸುಳ್ಳಾಗದು; ಆದರೆ ಅಷ್ಟೇ ಸಾಲದು.

ದೋಣಿಯ ಸಂಚಾರಕ್ಕೆ ಬೇಕಾದದ್ದು ವರ್ಷವಿಡೀ ತಪ್ಪದ ಆಳ. ರೈನ್ ನದಿಗೆ ಬೇಸಗೆಯಲ್ಲಿ ಆಲ್ಪ್ಸ್ ಪರ್ವತಗಳ ಹಿಮ ಕರಗಿದ ನೀರು ಬರುತ್ತದೆ, ಚಳಿಗಾಲದಲ್ಲಿ ಮಳೆಯ ನೀರು ಬರುತ್ತದೆ. ಒಂದು ಇಳಿಯುವಾಗ ಇನ್ನೊಂದು ಕೈಹಿಡಿಯುತ್ತದೆ. ಇಂಗ್ಲೆಂಡಿನ ಕಾಲುವೆಗಳಲ್ಲಿ ಲಾಕ್ ಎಂಬ ಜೋಡಿಬಾಗಿಲಿನ ಕಟ್ಟೆಗಳು ನೀರನ್ನು ಮೆಟ್ಟಿಲುಮೆಟ್ಟಿಲಾಗಿ ಹಿಡಿದು ನಿಲ್ಲಿಸುತ್ತವೆ. ಅಲ್ಲಿನ ಅನೇಕ ಲಾಕುಗಳ ಅಗಲ ಸುಮಾರು 7 ಅಡಿ ಮಾತ್ರವಾದುದರಿಂದ, ಆ ದೋಣಿಗಳೂ ನೀಳವಾಗಿ ಕಿರಿದಾಗಿ ಬೆಳೆದವು. ದೋಣಿಯ ಆಕಾರವನ್ನು ಜಲಮಾರ್ಗವು ನಿರ್ಣಯಿಸುತ್ತದೆಂಬುದನ್ನು ಇಲ್ಲಿ ಗಮನಿಸಬೇಕು.

ಇನ್ನು ನಮ್ಮ ನದಿಯನ್ನು ನೋಡೋಣ. ಬಾಬಾಬುಡನ್‌ಗಿರಿಯ ಸೆರಗಿನಲ್ಲಿ ಹುಟ್ಟುವ ವೇದಾ ಮತ್ತು ಆವತಿಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಅದು ಹೊಸದುರ್ಗ, ಹಿರಿಯೂರು, ಚಳ್ಳಕೆರೆ ಸೀಮೆಗಳನ್ನು ದಾಟಿ, ಆಂಧ್ರದೊಳಗೆ ಹಾಯ್ದು, ಹಗರಿ ಎಂಬ ಹೆಸರಿನಿಂದ ಬಳ್ಳಾರಿ ಜಿಲ್ಲೆಯಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಚಳ್ಳಕೆರೆ ಭಾಗದ ವಾರ್ಷಿಕ ಮಳೆ 500 ಮಿಲಿಮೀಟರಿನ ಆಸುಪಾಸು. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳಲ್ಲಿಯೇ ಸುರಿದುಹೋಗುತ್ತದೆ. ಮಿಕ್ಕ ಕಾಲದಲ್ಲಿ ಹೊಳೆಯೆಂದರೆ ಮರಳು. ಜನರು ಅದರಲ್ಲಿ ಒರತೆ ತೋಡಿ ನೀರು ಮೊಗೆದರು, ಗಾಡಿ ಹೊಡೆದರು. 1907ರಲ್ಲಿ ಮಾರಿಕಣಿವೆಯ ಅಣೆಕಟ್ಟೆ ಮುಗಿದ ಮೇಲೆ ಮೇಲಿನ ನೀರೂ ವಾಣಿವಿಲಾಸಸಾಗರದಲ್ಲಿ ನಿಂತಿತು. ಕೆಳಗಿನ ಚಳ್ಳಕೆರೆಗೆ ಉಳಿದದ್ದು ಬಹುಮಟ್ಟಿಗೆ ಸುವರ್ಣಮುಖಿಯ ಹಾಗೂ ಸ್ಥಳೀಯ ಹಳ್ಳಗಳ ನೀರು.

ಇಂಥ ನದಿಗಳ ನಾಡಿಗೆ ತಕ್ಕ ದೋಣಿ ಯಾವುದು? ಹರಿಗೋಲು. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಆನೆಗೊಂದಿಯ ಕಡವಿನ ಚರ್ಮ ಹೊದಿಸಿದ ದುಂಡು ದೋಣಿಗಳನ್ನು ವರ್ಣಿಸಿದ್ದಾನೆ. ಅವು ಹದಿನೈದು ಇಪ್ಪತ್ತು ಜನರನ್ನು ಹೊರುತ್ತವೆಂದೂ, ನೇರವಾಗಿ ಸಾಗದೆ ತಿರುಗುತ್ತಲೇ ಹೋಗುತ್ತವೆಂದೂ, ಆ ರಾಜ್ಯದ ಹೊಳೆಗಳಲ್ಲೆಲ್ಲ ಬೇರೆ ಬಗೆಯ ದೋಣಿಯೇ ಇಲ್ಲವೆಂದೂ ಹೇಳುತ್ತಾನೆ. ಈ ಕೊನೆಯ ಮಾತನ್ನು ಓದುಗರು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ; ನಮಗಾದರೋ ಅದೇ ಮುಖ್ಯ.

ಬಿದಿರಿನ ದಬ್ಬೆಗಳನ್ನು ಬುಟ್ಟಿಯಂತೆ ಹೆಣೆದು, ಅಂಚನ್ನು ದಪ್ಪವಾಗಿ ಬಿಗಿದು, ಹೊರಮೈಗೆ ಚರ್ಮವನ್ನು ಹೊದಿಸುವುದು ಹಳೆಯ ಕ್ರಮ. ಈಚೆಗೆ ಪ್ಲಾಸ್ಟಿಕ್ ಹಾಳೆಯೂ ಟಾರೂ ಆ ಸ್ಥಾನಕ್ಕೆ ಬಂದಿವೆ. ತಳವು ಚಪ್ಪಟೆ. ತಳದ ವ್ಯಾಸ 2.5 ಮೀಟರ್ ಎಂದಿಟ್ಟುಕೊಂಡರೆ ವಿಸ್ತೀರ್ಣವು 4.9 ಚದರ ಮೀಟರಾಗುತ್ತದೆ. ಅಂದರೆ ಒಂದು ಸೆಂಟಿಮೀಟರ್ ಮುಳುಗಿದರೆ 49 ಕಿಲೋಗ್ರಾಂ ಭಾರವನ್ನು ನೀರು ಹೊರುತ್ತದೆ. ತಲಾ 60 ಕಿಲೋಗ್ರಾಂ ತೂಕದ ಹತ್ತು ಜನರು ಕುಳಿತರೂ ಅವರ ಭಾರದಿಂದ ಅದು ಇಳಿಯುವುದು ಸುಮಾರು 12 ಸೆಂಟಿಮೀಟರ್, ಗೇಣಿಗೂ ಕಡಿಮೆ. ಬಂಡೆಗಳ ನಡುವೆ, ಮೊಣಕಾಲುದ್ದದ ನೀರಿನಲ್ಲಿಯೂ, ಅದು ಹೀಗೆ ತೇಲಬಲ್ಲದು. ತಳದಲ್ಲಿ ಏಣು ಇಲ್ಲದುದರಿಂದ ಅದು ಗಿರ್ರನೆ ಸುತ್ತುವುದು ನಿಜ. ಅಂಬಿಗನು ಮುಂಭಾಗದಲ್ಲಿ ಕುಳಿತು ಹುಟ್ಟಿನಿಂದ ನೀರನ್ನು ತನ್ನೆಡೆಗೆ ಸೆಳೆದುಕೊಳ್ಳುತ್ತ ಆ ಸುತ್ತನ್ನು ತಡೆಯುತ್ತಾನೆ. ಪ್ರವಾಹಕ್ಕೆದುರಾಗಿ ದೂರ ಹೋಗುವುದು ಮಾತ್ರ ಅಸಾಧ್ಯವೆನ್ನಬೇಕು. ಅದಕ್ಕೆ ಪರಿಹಾರವೂ ಸರಳ: ಸಣ್ಣ ಹರಿಗೋಲನ್ನು ಒಬ್ಬನೇ ತಲೆಯ ಮೇಲೆ ಕವುಚಿಕೊಂಡು ದಡದಲ್ಲಿ ನಡೆದು ಹಿಂದಿರುಗುತ್ತಾನೆ.

ಬೇರೆ ಬಗೆಯ ನೌಕಾಯಾನವನ್ನು ತುಂಗಭದ್ರೆಯ ಸೀಮೆಗೆ ತರುವ ಯತ್ನವೂ ನಡೆಯದೆ ಇರಲಿಲ್ಲ. 1860ರ ದಶಕದಲ್ಲಿ ಖಾಸಗಿ ಕಂಪನಿಯೊಂದು ಸುಂಕೇಶುಲದಿಂದ ಕರ್ನೂಲು–ಕಡಪ ಕಾಲುವೆಯನ್ನು ನೀರಾವರಿಗೂ ದೋಣಿಸಂಚಾರಕ್ಕೂ ಆಗುವಂತೆ ಲಾಕುಗಳೊಡನೆ ತೋಡಿಸಿತು. ಕಂಪನಿ ನಷ್ಟಕ್ಕೆ ಸಿಕ್ಕಿ, 1882ರಲ್ಲಿ ಸರ್ಕಾರವು ಕಾಲುವೆಯನ್ನು ಕೊಂಡಿತು. ನೀರಾವರಿ ಉಳಿಯಿತು, ದೋಣಿಗಳು ಉಳಿಯಲಿಲ್ಲ. 2016ರ ಕಾಯಿದೆಯು ಹೆಸರಿಸಿದ 111 ರಾಷ್ಟ್ರೀಯ ಜಲಮಾರ್ಗಗಳಲ್ಲಿ ತುಂಗಭದ್ರೆ ಇದೆ, ವೇದಾವತಿ ಇಲ್ಲ.

ಹೀಗಾಗಿ ನಮ್ಮ ಕಡೆ ದೋಣಿದಾಣವೆನ್ನಬಹುದಾದ ಸ್ಥಳಗಳೆಲ್ಲ ನಿಂತ ನೀರಿನ ದಡಗಳೇ: ವಾಣಿವಿಲಾಸಸಾಗರ, ಮೊಳಕಾಲ್ಮುರಿನ ರಂಗಯ್ಯನದುರ್ಗ ಜಲಾಶಯ, ಮಳೆಯಾದ ವರ್ಷಗಳ ಕೆರೆಗಳು. ಅಲ್ಲಿ ದೋಣಿಯನ್ನು ಕಟ್ಟಿಹಾಕುವ ಗೂಟವೂ ಬೇಡ. ಮೀನು ಹಿಡಿಯುವವರು ಹರಿಗೋಲನ್ನು ದಡಕ್ಕೆ ಎಳೆದು ಕವುಚಿ ಹಾಕಿದರೆ ಆಯಿತು.

ಮಾರಿಕಣಿವೆಯು 1933ರಲ್ಲಿ ಕೋಡಿಬಿದ್ದ ಮೇಲೆ ಮತ್ತೆ ಕೋಡಿಬಿದ್ದುದು 2022ರಲ್ಲಿ. 2025ರ ಜನವರಿಯಲ್ಲಿ ಇನ್ನೊಮ್ಮೆ. ನಡುವಣ 89 ವರ್ಷಗಳಲ್ಲಿ ತುಂಬಿದ ಹೊಳೆಯೊಡನೆ ಬಾಳುವ ಅಭ್ಯಾಸವು ಕೆಳಗಿನ ಊರುಗಳಲ್ಲಿ ಸವೆದುಹೋದದ್ದು ಆಶ್ಚರ್ಯವಲ್ಲ. ಈಗ ನದಿಗೆ ಅಡ್ಡಲಾಗಿ ಬ್ಯಾರೇಜುಗಳಿವೆ. ಅವುಗಳ ಮೇಲಿಂದ ಧುಮುಕುವ ನೀರು ಬುಡದಲ್ಲಿ ಮಗುಚಿ ಹಿಂದಕ್ಕೆ ಸೆಳೆಯುತ್ತದೆ. ಹಗುರವಾದ ದುಂಡು ದೋಣಿಯು ಆ ಸೆಳೆತಕ್ಕೆ ಸಿಕ್ಕರೆ ಹುಟ್ಟಿನ ಬಲದಿಂದ ಹೊರಬರುವುದು ದುಸ್ತರ. ಬಂಡೆಗಳ ನಡುವೆ ಅದನ್ನು ಕಾಯ್ದ ಗುಣಗಳೇ ಇಲ್ಲಿ ಅಪಾಯವಾಗುತ್ತವೆ. ಆದಕಾರಣ ಅಣೆಯ ಮೇಲುಗಡೆ ಸಾಕಷ್ಟು ದೂರದಲ್ಲಿಯೇ ಹರಿಗೋಲನ್ನು ದಡಕ್ಕೆ ತಂದು, ತಲೆಯ ಮೇಲೆ ಹೊತ್ತು ಅಣೆಯನ್ನು ಬಳಸಿ ನಡೆಯುವುದೇ ಸರಿಯಾದ ಕ್ರಮ.